ಹದಿನೇಳು ಡಿಗ್ರಿ ಅಕ್ಷಾಂಶದ ಹಿತ್ತಲಲ್ಲಿ ಆರು ಇಂಚಿನ ದೂರದರ್ಶಕ: ಒಂದು ಬಳಕೆದಾರ ವಿಮರ್ಶೆ

ಹದಿನಾಲ್ಕು ತಿಂಗಳ ಹಿಂದೆ ನಾನು ಕೊಂಡ ಈ ದೂರದರ್ಶಕ 150 ಮಿಲಿಮೀಟರ್ ವ್ಯಾಸದ ಕನ್ನಡಿಯೂ 750 ಮಿಲಿಮೀಟರ್ ನಾಭಿದೂರವೂ ಉಳ್ಳ ನ್ಯೂಟನ್ ಮಾದರಿಯದು. ಅದರೊಂದಿಗೆ ಬಂದ ಮೌಂಟು, ಅಂದರೆ ದೂರದರ್ಶಕವನ್ನು ಹೊತ್ತು ತಿರುಗಿಸುವ ಆಧಾರ, ಮೋಟಾರಿನಿಂದ ತಿರುಗುವ, ತಾರೆಗಳನ್ನು ತಾನೇ ಹುಡುಕಿ ಹಿಂಬಾಲಿಸುವ ಜರ್ಮನ್ ಇಕ್ವಟೋರಿಯಲ್ ಮಾದರಿಯದು. ಎರಡಕ್ಕೂ ಸೇರಿ ಒಂದು ಲಕ್ಷದ ಹದಿನೆಂಟು ಸಾವಿರ ರೂಪಾಯಿ ಕೊಟ್ಟೆ. ಕ್ಯಾಮೆರಾ ಮಾತ್ರ ಹಳೆಯದು, ಮದುವೆ ಮನೆಗಳಲ್ಲಿ ದುಡಿದು ಬಂದ 18 ಮೆಗಾಪಿಕ್ಸೆಲಿನ ಡಿಎಸ್‌ಎಲ್‌ಆರ್. ಚಂದ್ರನನ್ನೋ ಶನಿಯ ಬಳೆಯನ್ನೋ ನೋಡಿ ಬರೆದ ಮೆಚ್ಚುಗೆಯ ಮಾತುಗಳು ಇಂತಹ ದೂರದರ್ಶಕಗಳ ಬಗ್ಗೆ ಬೇಕಾದಷ್ಟು ಸಿಗುತ್ತವೆ. ನನಗೆ ಬೇಕಾಗಿದ್ದ ಉತ್ತರ ಬೇರೆ. ಕಲಬುರಗಿಯ ಸೇಡಂ ರಸ್ತೆ ಬದಿಯ ಬಡಾವಣೆಯೊಂದರ ಹಿತ್ತಲಿನಿಂದ, ಒಂದನ್ನೊಂದು ಸೆಳೆದು ರೂಪಗೆಡಿಸುತ್ತಿರುವ ಗೆಲಾಕ್ಸಿಗಳ ಗುಂಪೊಂದರ ಚಿತ್ರವನ್ನು ಇದರಿಂದ ತೆಗೆಯಲು ಸಾಧ್ಯವೇ ಎಂಬುದನ್ನು ಹೇಳುವವರು ಯಾರೂ ಇರಲಿಲ್ಲ. ಈ ವರ್ಷದ ಶಿವರಾತ್ರಿಯ ಆಸುಪಾಸಿನ ನಾಲ್ಕು ರಾತ್ರಿಗಳು ಆ ಉತ್ತರವನ್ನು ಕೊಟ್ಟಿವೆ.

ಪರೀಕ್ಷೆಗೆ ಆರಿಸಿಕೊಂಡದ್ದು ಸಿಂಹ ರಾಶಿಯ ಮೂರು ಗೆಲಾಕ್ಸಿಗಳ ಗುಂಪನ್ನು: ಎಂ 65, ಎಂ 66 ಮತ್ತು ಎನ್‌ಜಿಸಿ 3628 (ಇವು ಖಗೋಳ ಪಟ್ಟಿಗಳಲ್ಲಿ ಅವುಗಳಿಗಿರುವ ಕ್ರಮಾಂಕಗಳು). ಪುಬ್ಬಾ ನಕ್ಷತ್ರದ ಎರಡು ತಾರೆಗಳಲ್ಲಿ ದಕ್ಷಿಣದ್ದನ್ನು, ಅಂದರೆ ಥೀಟಾ ಲಿಯೋನಿಸ್ ಎಂಬುದನ್ನು ಹಿಡಿದುಕೊಂಡು ಸ್ವಲ್ಪ ಕೆಳಗೆ ಸರಿದರೆ ಈ ಗುಂಪು ಸಿಗುತ್ತದೆ. ಮೊದಲ ಎರಡನ್ನು ಚಾರ್ಲ್ಸ್ ಮೆಸ್ಸಿಯೆ 1780ರ ಮಾರ್ಚ್ 1ರಂದು ಕಂಡರೂ ಅಲ್ಲೇ ಪಕ್ಕದಲ್ಲಿದ್ದ ಮೂರನೆಯದು ಅವರ ಕಣ್ಣಿಗೆ ಬೀಳಲಿಲ್ಲ. ಅದನ್ನು ಕಂಡವರು ವಿಲಿಯಂ ಹರ್ಷೆಲ್, 1784ರಲ್ಲಿ. ಸುಮಾರು ಮೂರೂವರೆ ಕೋಟಿ ಜ್ಯೋತಿರ್ವರ್ಷ ದೂರದ ಈ ಗುಂಪಿನಲ್ಲಿ ಎಂ 66 ಮತ್ತು ಎನ್‌ಜಿಸಿ 3628 ಬಹು ಹಿಂದೆ ಒಂದರ ಹತ್ತಿರ ಒಂದು ಹಾದುಹೋಗಿವೆ. 1978ರಲ್ಲಿ ಪ್ರಕಟವಾದ ಒಂದು ಲೆಕ್ಕಾಚಾರ ಆ ಕಾಲವನ್ನು ಸುಮಾರು 80 ಕೋಟಿ ವರ್ಷಗಳ ಹಿಂದಕ್ಕೆ ಇಡುತ್ತದೆ. ಸಮುದ್ರದಲ್ಲಿ ಉಬ್ಬರ ಏಳಿಸುವ ಬಲವೇ ಅಲ್ಲಿ ಎನ್‌ಜಿಸಿ 3628ರ ಒಡಲಿನಿಂದ ತಾರೆಗಳನ್ನೂ ಅನಿಲವನ್ನೂ ಎಳೆದು ಸುಮಾರು ಮೂರು ಲಕ್ಷ ಜ್ಯೋತಿರ್ವರ್ಷ ಉದ್ದದ ಬಾಲವೊಂದನ್ನು ಮಾಡಿದೆ. ಆಕಾಶದಲ್ಲಿ ಅದರ ಉದ್ದ ಹುಣ್ಣಿಮೆಯ ಚಂದ್ರನ ಅಗಲದಷ್ಟಿದ್ದರೂ ಬೆಳಕು ಮಾತ್ರ ಅತ್ಯಲ್ಪ. ಈ ಬಾಲ ನನ್ನ ಹಿತ್ತಲಿನಿಂದ ಸಿಗುವುದೇ ಎಂಬುದೇ ನಾನು ದೂರದರ್ಶಕಕ್ಕೆ ಒಡ್ಡಿದ ನಿಜವಾದ ಪರೀಕ್ಷೆ.

ಕಲಬುರಗಿ ಇರುವುದು 17.3 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಈ ಗುಂಪು ಆಕಾಶದ ವಿಷುವವೃತ್ತದಿಂದ 13 ಡಿಗ್ರಿ ಉತ್ತರಕ್ಕಿದೆ. ಹೀಗಾಗಿ ಅದು ನಮ್ಮ ನೆತ್ತಿಯಿಂದ ಕೇವಲ ನಾಲ್ಕು ಡಿಗ್ರಿ ದಕ್ಷಿಣಕ್ಕೆ ಹಾದುಹೋಗುತ್ತದೆ. ಗೆಲಾಕ್ಸಿಯ ಬೆಳಕು ಅತಿ ತೆಳುವಾದ ಗಾಳಿಯ ಪದರವನ್ನು ದಾಟಿ ಬರುವುದು ನೆತ್ತಿಯ ಮೇಲಿದ್ದಾಗಲೇ, ಊರಿನ ದೀಪಗಳ ಹೊಗರು ಅತಿ ಕಡಿಮೆ ಇರುವುದೂ ಅಲ್ಲಿಯೇ. ಯುರೋಪಿನ ಹವ್ಯಾಸಿಗಳು ಇದೇ ಗುಂಪನ್ನು ಅರ್ಧ ಆಕಾಶದ ಎತ್ತರದಲ್ಲಿ ಹಿಡಿಯಬೇಕಾಗಿರುವಾಗ ನಮಗೆ ಅದು ತಲೆಯ ಮೇಲೆ ಬಂದು ನಿಲ್ಲುತ್ತದೆ. ಫೆಬ್ರುವರಿ ಕೊನೆಯಲ್ಲಿ ರಾತ್ರಿ ಒಂಬತ್ತೂವರೆಗೆ ಸಾಕಷ್ಟು ಮೇಲೇರಿ, ಒಂದೂಕಾಲರ ಸುಮಾರಿಗೆ ನೆತ್ತಿಗೆ ಬಂದು, ನಸುಕಿನ ನಾಲ್ಕೂವರೆಯವರೆಗೂ ಕೆಲಸಕ್ಕೆ ಸಿಗುತ್ತದೆ. ಶಿವರಾತ್ರಿ ಎಂದರೆ ಅಮಾವಾಸ್ಯೆಯ ಹಿಂದಿನ ರಾತ್ರಿಯಾದ್ದರಿಂದ ಚಂದ್ರನ ಕಾಟವೂ ಇರುವುದಿಲ್ಲ. ಹೋಳಿ ಹುಣ್ಣಿಮೆಯ ಐದನೆಯ ದಿನ ಶರಣಬಸವೇಶ್ವರರ ಜಾತ್ರೆ ಆರಂಭವಾದರೆ ಊರಿನ ಆಕಾಶ ಹಲವು ದಿನ ಬೆಳಗುತ್ತಿರುತ್ತದೆ. ಹಾಗಾಗಿ ಶಿವರಾತ್ರಿಗಿಂತ ಒಳ್ಳೆಯ ಕಾಲ ಈ ಗುಂಪಿಗೆ ನಮ್ಮಲ್ಲಿಲ್ಲ.

ಆದರೆ ಇದೇ ಹದಿನೇಳು ಡಿಗ್ರಿ ಮೌಂಟಿಗೆ ಬಂದಾಗ ಕಷ್ಟವಾಗಿ ನಿಲ್ಲುತ್ತದೆ. ಇಕ್ವಟೋರಿಯಲ್ ಮೌಂಟಿನ ಮುಖ್ಯ ಅಕ್ಷ ಧ್ರುವದ ಕಡೆಗೆ ತೋರಬೇಕು, ಅಂದರೆ ನಮ್ಮಲ್ಲಿ ನೆಲದಿಂದ ಬರೀ 17 ಡಿಗ್ರಿ ಮೇಲಕ್ಕೆ. ನನ್ನ ಮೌಂಟಿನ ವಿನ್ಯಾಸವನ್ನು ನೋಡಿದರೆ ಅದನ್ನು ರೂಪಿಸಿದವರ ಮನಸ್ಸಿನಲ್ಲಿದ್ದದ್ದು 40 ಅಥವಾ 50 ಡಿಗ್ರಿಯ ಊರುಗಳು ಎಂಬುದು ಸ್ಪಷ್ಟವಾಗುತ್ತದೆ. ಅಕ್ಷವನ್ನು ಇಷ್ಟು ಮಲಗಿಸಿದಾಗ ದೂರದರ್ಶಕದ ತೂಕವನ್ನು ಸರಿದೂಗಿಸುವ ಪ್ರತಿಭಾರದ ದಂಡ ನೇರ ಕೆಳಗೆ ಇಳಿದು, ಸ್ವಲ್ಪ ಉತ್ತರಕ್ಕೆ ಚಾಚಿಕೊಂಡು, ಅದರ ಕಬ್ಬಿಣದ ಗುಂಡು ಟ್ರೈಪಾಡಿನ ಉತ್ತರದ ಕಾಲಿಗೆ ಬಡಿಯುತ್ತದೆ. ಮೊದಲ ರಾತ್ರಿ ಮೋಟಾರು ಗೊರಗೊರ ಸದ್ದು ಮಾಡಿದಾಗ ನಾನು ಗೇರು ಸವೆದಿದೆಯೆಂದು ಗಾಬರಿಯಾಗಿದ್ದೆ. ಟಾರ್ಚು ಹಿಡಿದು ಬಗ್ಗಿ ನೋಡಿದರೆ ಗುಂಡು ಕಾಲಿಗೆ ಒತ್ತಿಕೊಂಡು ನಿಂತಿತ್ತು, ಕಾಲಿನ ಬಣ್ಣ ಒಂದು ಬೆರಳಗಲ ಕಿತ್ತು ಹೋಗಿತ್ತು. ಕೈಪಿಡಿಯಲ್ಲಿ ಇದರ ಬಗ್ಗೆ ಒಂದು ಸಾಲೂ ಇಲ್ಲ. ಮಾರಿದವರಿಗೆ ಎರಡು ಬಾರಿ ಬರೆದೆ. ಮೌಂಟು ಸರಿಯಾಗಿಯೇ ಇದೆ ಎಂಬ ಒಂದು ಸಾಲಿನ ಉತ್ತರ ಬಂತು.

ಪರಿಹಾರ ಸಿಕ್ಕದ್ದು ನಮ್ಮ ಬಡಾವಣೆಯ ತಿರುವಿನಲ್ಲಿರುವ ವೆಲ್ಡಿಂಗ್ ಅಂಗಡಿಯಲ್ಲಿ. ಟ್ರೈಪಾಡಿನ ತಲೆಗೂ ಮೌಂಟಿಗೂ ನಡುವೆ ಎಂಟು ಇಂಚಿನ ಒಂದು ಕೊಳವೆ ಕೂರಿಸಿದರೆ ಗುಂಡು ಕಾಲಿನಿಂದ ದೂರ ಉಳಿಯುತ್ತದೆ. ಅಂಗಡಿಯ ಹಿರಿಯರು ನನ್ನ ಚಿತ್ರವನ್ನು ಎರಡು ಸಲ ತಿರುವಿ ನೋಡಿ, “ಕಾಲಿಗಿ ಬಡೀಬಾರ್ದು, ಅಲ್ಲಾಡಬಾರ್ದು, ಇಷ್ಟ ಹೌದಿಲ್ರಿ ಸರ?” ಎಂದು ಕೇಳಿ, ದಪ್ಪ ಕೊಳವೆಯ ಎರಡೂ ತುದಿಗೆ ಅರ್ಧ ಇಂಚಿನ ತಟ್ಟೆ ಬೆಸೆದು, ಲೇತಿನಲ್ಲಿ ಮಟ್ಟ ಮಾಡಿಸಿ ಕೊಟ್ಟರು. ಹದಿನಾಲ್ಕು ನೂರು ರೂಪಾಯಿಯ ಆ ತುಂಡಿಲ್ಲದಿದ್ದರೆ ಲಕ್ಷದ ಸಾಮಾನು ನಮ್ಮೂರಿನಲ್ಲಿ ರಾತ್ರಿಯಿಡೀ ಕೆಲಸ ಮಾಡುತ್ತಿರಲಿಲ್ಲ. ಉಳಿದ ಇನ್ನೊಂದು ತೊಂದರೆಯೆಂದರೆ ಅಕ್ಷವನ್ನು ಏರಿಸಿ ಇಳಿಸುವ ಬೋಲ್ಟು. ಇಷ್ಟು ಮಲಗಿದ ಸ್ಥಿತಿಯಲ್ಲಿ ಭಾರವೆಲ್ಲ ಆ ಒಂದೇ ಬೋಲ್ಟಿನ ತುದಿಯ ಮೇಲೆ ಕೂರುತ್ತದೆ. ನನ್ನದು ಮೂರನೆಯ ತಿಂಗಳಿಗೇ ಬಾಗಿತು. ಅದೇ ಅಳತೆಯ ಗಟ್ಟಿ ಉಕ್ಕಿನ ಬೋಲ್ಟು ಹಾಕಿಸಿದ ಮೇಲೆ ಇದುವರೆಗೆ ತಕರಾರಿಲ್ಲ.

ಧ್ರುವ ನಕ್ಷತ್ರವೂ ನಮಗೆ ಅಷ್ಟೇ ತಗ್ಗಿನಲ್ಲಿ ಸಿಗುತ್ತದೆ. ಜನವರಿಯ ತೊಗರಿ ರಾಶಿಯ ಹೊಟ್ಟು, ರಸ್ತೆಯ ಧೂಳು, ಊರಿನ ಬೆಳಕು ಇವೆಲ್ಲ ಸೇರಿ ಆ ಎತ್ತರದ ಆಕಾಶ ಮಬ್ಬಾಗಿರುತ್ತದೆ. ನಮ್ಮ ಹಿತ್ತಲಿನಿಂದಂತೂ ಧ್ರುವ ಕಾಣುವುದೇ ಇಲ್ಲ; ಪಕ್ಕದ ಮನೆಯ ನೀರಿನ ಟ್ಯಾಂಕು ಸರಿಯಾಗಿ ಅದರ ಮುಂದೆ ಕೂತಿದೆ. ಆದ್ದರಿಂದ ಮೌಂಟಿನೊಳಗಿನ ಧ್ರುವದರ್ಶಕ ನನಗೆ ಉಪಯೋಗಕ್ಕೆ ಬರಲಿಲ್ಲ, ತಾರೆಯ ಜಾರಿಕೆಯನ್ನು ನೋಡಿ ಅಕ್ಷ ಸರಿಪಡಿಸುವ ಹಳೆಯ ವಿಧಾನವನ್ನೇ ಕಲಿಯಬೇಕಾಯಿತು. ಏಳೂವರೆಗೆ ಮಹಾವ್ಯಾಧನ ನಡುಪಟ್ಟಿ ದಕ್ಷಿಣೋತ್ತರ ಗೆರೆಯ ಮೇಲೆ ಬಂದಾಗ ಅದರ ಒಂದು ತಾರೆಯನ್ನು ಹಿಡಿದು ಐದು ನಿಮಿಷ ಕಾಯಬೇಕು. ಅದು ದಕ್ಷಿಣಕ್ಕೆ ಜಾರಿದರೆ ಅಕ್ಷ ಪೂರ್ವಕ್ಕೆ ತಿರುಗಿದೆ ಎಂದರ್ಥ, ಉತ್ತರಕ್ಕೆ ಜಾರಿದರೆ ಪಶ್ಚಿಮಕ್ಕೆ. ಬಳಿಕ ಪೂರ್ವದಲ್ಲಿ ಮೇಲೇರುತ್ತಿರುವ ಆಲ್ಫಾರ್ಡ್‌ನಂತಹ ತಾರೆಯನ್ನು ಹಿಡಿದರೆ ಅಕ್ಷದ ಎತ್ತರ ಗೊತ್ತಾಗುತ್ತದೆ: ದಕ್ಷಿಣಕ್ಕೆ ಜಾರಿದರೆ ತಗ್ಗಾಗಿದೆ, ಉತ್ತರಕ್ಕೆ ಜಾರಿದರೆ ಹೆಚ್ಚಾಗಿದೆ. ಮೊದಲ ಸಲ ಇದಕ್ಕೆ ಎರಡು ಗಂಟೆ ಹಿಡಿಯಿತು, ಈಗ ಇಪ್ಪತ್ತೈದು ನಿಮಿಷ ಸಾಕು. ಹಿತ್ತಲಿನ ಶಹಾಬಾದ್ ಕಲ್ಲಿನ ಮೇಲೆ ಟ್ರೈಪಾಡಿನ ಮೂರು ಕಾಲಿಗೂ ಉಳಿಯಿಂದ ಸಣ್ಣ ಗುಳಿ ಹೊಡೆಸಿಕೊಂಡಿರುವುದರಿಂದ ಪ್ರತಿ ಸಲ ಮೊದಲಿನಿಂದ ಶುರುಮಾಡುವ ಅಗತ್ಯವಿಲ್ಲ.

ಆ ಕಲ್ಲಿನ ಬಗ್ಗೆಯೇ ಇನ್ನೊಂದು ಮಾತು ಹೇಳಬೇಕು, ಏಕೆಂದರೆ ನಮ್ಮ ಭಾಗದ ಬಹುಪಾಲು ಅಂಗಳಗಳಲ್ಲಿ ಹಾಸಿರುವುದು ಅದೇ. ಹಗಲೆಲ್ಲ ಬಿಸಿಲುಂಡ ಶಹಾಬಾದ್ ಕಲ್ಲು ರಾತ್ರಿ ಹನ್ನೊಂದರವರೆಗೂ ಕಾವು ಬಿಡುತ್ತಿರುತ್ತದೆ. ಬಾಯಿ ತೆರೆದ ಕೊಳವೆಯೊಳಗೆ ಆ ಬಿಸಿಗಾಳಿ ಏರಿದರೆ ತಾರೆಗಳು ಕುದಿಯುವ ನೀರಿನೊಳಗಿನ ಕಾಳಿನಂತೆ ನಡುಗುತ್ತವೆ. ಸಂಜೆ ಐದಕ್ಕೆ ಕಲ್ಲಿನ ಮೇಲೆ ನಾಲ್ಕು ಕೊಡ ನೀರು ಸುರಿದು, ದೂರದರ್ಶಕವನ್ನು ಆರಕ್ಕೇ ಹೊರಗಿಟ್ಟು, ಕನ್ನಡಿಯ ಹಿಂದೆ ಗಣಕಯಂತ್ರದ ಸಣ್ಣ ಫ್ಯಾನು ಕಟ್ಟಿ ಗಾಳಿಯಾಡಿಸಿದರೆ ಎಂಟೂವರೆಗೆ ತಾರೆಗಳು ನಿಲ್ಲುತ್ತವೆ. ನೀರು ಸುರಿದ ರಾತ್ರಿಗೂ ಸುರಿಯದ ರಾತ್ರಿಗೂ ಚಿತ್ರದಲ್ಲಿ ಕಂಡ ವ್ಯತ್ಯಾಸ ನನ್ನ ನಿರೀಕ್ಷೆಗಿಂತ ದೊಡ್ಡದು.

ಕನ್ನಡಿಯ ಬಗ್ಗೆ ನನಗೆ ಹೆಚ್ಚು ದೂರಿಲ್ಲ, ಅದಕ್ಕೆ ಐದರಲ್ಲಿ ನಾಲ್ಕೂವರೆ ಕೊಡಬಲ್ಲೆ. ಆರಂಭದಲ್ಲಿ ಉಜ್ಜ್ವಲ ತಾರೆಗಳು ದುಂಡಗಿರದೆ ಮುಕ್ಕೋನವಾಗಿ ಬರುತ್ತಿದ್ದವು. ಕನ್ನಡಿಯನ್ನು ಹಿಡಿದಿರುವ ಮೂರು ಹಿಡಿಕೆಗಳನ್ನು ಕಾರ್ಖಾನೆಯಲ್ಲಿ ತೀರಾ ಬಿಗಿದಿದ್ದರು. ಅವುಗಳ ಕೆಳಗೆ ಒಂದು ಕಾಗದ ಸಲೀಸಾಗಿ ಜಾರುವಷ್ಟು ಸಡಿಲಿಸಿದ ಕೂಡಲೇ ತಾರೆಗಳು ದುಂಡಾದವು. ನ್ಯೂಟನ್ ಮಾದರಿಯ ಸಹಜ ದೋಷವಾದ ಕೋಮಾ ಇದರಲ್ಲೂ ಇದೆ. ಚಿತ್ರದ ಮೂಲೆಗಳಲ್ಲಿ ಪ್ರತಿ ತಾರೆಗೂ ಧೂಮಕೇತುವಿನಂತೆ ಬಾಲ ಮೂಡುತ್ತದೆ, ಅದಕ್ಕೆ ಪ್ರತ್ಯೇಕವಾಗಿ ಕೋಮಾ ಕರೆಕ್ಟರ್ ಎಂಬ ಮಸೂರ ಕೊಳ್ಳಲೇಬೇಕು ಮತ್ತು ಅದನ್ನು ಕ್ಯಾಮೆರಾದ ಸಂವೇದಕದಿಂದ ಸರಿಯಾಗಿ 55 ಮಿಲಿಮೀಟರ್ ದೂರದಲ್ಲಿ ಕೂರಿಸಬೇಕು. ಕ್ಯಾಮೆರಾವನ್ನು ಹಿಡಿದು ಫೋಕಸ್ ಹೊಂದಿಸುವ ಫೋಕಸರ್ ಮಾತ್ರ ಈ ದೂರದರ್ಶಕದ ದುರ್ಬಲ ಭಾಗ. ಕ್ಯಾಮೆರಾದ ತೂಕಕ್ಕೆ ಅದು ಕೂದಲೆಳೆಯಷ್ಟು ಬಾಗುತ್ತದೆ, ಮೌಂಟು ಮಗ್ಗುಲು ಬದಲಿಸಿದಾಗ ಇನ್ನೊಂದು ಕಡೆಗೆ ಬಾಗುತ್ತದೆ. ಫೋಕಸ್ ಸರಿಮಾಡಲು ಪಾವೆಲ್ ಬಖ್ತಿನೋವ್ 2005ರಲ್ಲಿ ರೂಪಿಸಿದ ಸೀಳುಗಳ ಮುಖವಾಡವನ್ನು ಬಳಸುತ್ತೇನೆ. ಗಾಡಿಗಳ ನಂಬರ್ ಪ್ಲೇಟ್ ಮಾಡುವ ಅಂಗಡಿಯಲ್ಲಿ ಅಕ್ರಿಲಿಕ್ ಹಾಳೆಯಿಂದ ಅದನ್ನು ಕತ್ತರಿಸಿ ಕೊಟ್ಟರು. ಆಮದು ಮಾಡಿದ್ದಕ್ಕಿಂತ ಅದರಲ್ಲಿ ಕಡಿಮೆಯೇನೂ ಇಲ್ಲ.

ನಾಲ್ಕು ರಾತ್ರಿಗಳಲ್ಲಿ ತಲಾ ಮೂರು ನಿಮಿಷದ 214 ಚಿತ್ರಗಳನ್ನು ಐಎಸ್‌ಒ 800ರಲ್ಲಿ ತೆಗೆದೆ, ಅವುಗಳಲ್ಲಿ 171 ಉಳಿದವು. ಒಟ್ಟು ಎಂಟೂವರೆ ಗಂಟೆಯ ಬೆಳಕು. ಮೌಂಟಿನ ಮೇಲೆ ಇನ್ನೊಂದು ಪುಟ್ಟ ದೂರದರ್ಶಕ ಕೂರಿಸಿ ಪಿಎಚ್‌ಡಿ2 ತಂತ್ರಾಂಶದಿಂದ ತಾರೆಯೊಂದನ್ನು ಹಿಡಿದಿಟ್ಟಾಗ ಸರಾಸರಿ ಅಲುಗಾಟ 1.1 ವಿಕಲೆಯಷ್ಟಿತ್ತು (ಒಂದು ವಿಕಲೆ ಎಂದರೆ ಡಿಗ್ರಿಯ 3,600ನೇ ಒಂದು ಭಾಗ). ನನ್ನ ಕ್ಯಾಮೆರಾದಲ್ಲಿ ಒಂದು ಪಿಕ್ಸೆಲ್ ಸುಮಾರು 1.2 ವಿಕಲೆಯಾದ್ದರಿಂದ ಇದು ಸಾಲುತ್ತದೆ, ಹೆಚ್ಚು ಬಯಸುವಂತಿಲ್ಲ. ಕೆಟ್ಟುಹೋದ ಚಿತ್ರಗಳಲ್ಲಿ ಅರ್ಧದಷ್ಟು ಹೋದದ್ದು ಒಂದೂಕಾಲರ ನಂತರ. ಗುಂಪು ನೆತ್ತಿಯನ್ನು ದಾಟಿದ ಮೇಲೆ ಜರ್ಮನ್ ಮೌಂಟು ಇಡೀ ಕೊಳವೆಯನ್ನು ಎತ್ತಿ ಇನ್ನೊಂದು ಮಗ್ಗುಲಿಗೆ ಹಾಕಬೇಕು. ಆಗ ಕ್ಯಾಮೆರಾದ ವಯರು ಸಿಕ್ಕಿ ಎಳೆದು, ಫೋಕಸ್ ಕೆಟ್ಟು, ಎರಡನೆಯ ರಾತ್ರಿಯ ಒಂದು ಗಂಟೆಯ ಕೆಲಸ ವ್ಯರ್ಥವಾಯಿತು. ವಯರುಗಳನ್ನು ಕೊಳವೆಗೆ ಕಟ್ಟಿ, ಒಂದು ಮೊಳ ಸಡಿಲು ಬಿಟ್ಟ ಮೇಲೆ ಮತ್ತೆ ಹಾಗಾಗಲಿಲ್ಲ.

ಮೂರನೆಯ ರಾತ್ರಿ ಹನ್ನೆರಡೂ ಇಪ್ಪತ್ತಕ್ಕೆ ಬಡಾವಣೆಯ ಕರೆಂಟು ಹೋಯಿತು. ಮೌಂಟು 12 ವೋಲ್ಟಿನ ಬ್ಯಾಟರಿಯ ಮೇಲೂ ಲ್ಯಾಪ್‌ಟಾಪ್ ತನ್ನ ಬ್ಯಾಟರಿಯ ಮೇಲೂ ನಡೆಯುತ್ತಿದ್ದುದರಿಂದ ಕೆಲಸ ನಿಲ್ಲಲಿಲ್ಲ. ಹದಿನೈದು ನಿಮಿಷದ ಆ ಕತ್ತಲಲ್ಲಿ ಬಂದ ನಾಲ್ಕು ಚಿತ್ರಗಳೇ 214ರಲ್ಲಿ ಶ್ರೇಷ್ಠವಾದವು: ಹಿನ್ನೆಲೆಯ ಆಕಾಶ ಕಂದು ಬಣ್ಣದಿಂದ ಬೂದಿಗೆ ಇಳಿದಿತ್ತು, ಒಂದೇ ಚಿತ್ರದಲ್ಲಿ ಎಂ 66ರ ಸುರುಳಿಗೈ ಕಾಣುತ್ತಿತ್ತು. ಬೆಳಿಗ್ಗೆ ಪಕ್ಕದ ಮನೆಯ ಕಾಕಾ ಅವರಿಗೆ ಕರೆಂಟಿದ್ದಾಗಿನ ಒಂದು ಚಿತ್ರವನ್ನೂ ಹೋದಾಗಿನ ಒಂದನ್ನೂ ಅಕ್ಕಪಕ್ಕ ಇಟ್ಟು ತೋರಿಸಿದೆ. ಅವರು ಬಹಳ ಹೊತ್ತು ನೋಡಿ, “ಹಂಗಾದ್ರ ನಮ್ಮ ಹಿಂದಿನ ಲೈಟು ನಾ ಬಂದ್ ಮಾಡ್ತೀನಿ, ನೀ ಮದ್ಲೇ ಹೇಳಬೇಕಿತ್ತಲ್ಲಪಾ” ಎಂದರು. ನಾಲ್ಕನೆಯ ರಾತ್ರಿ ಆ ಎಲ್‌ಇಡಿ ದೀಪ ಉರಿಯಲಿಲ್ಲ, ಆ ರಾತ್ರಿಯ ಚಿತ್ರಗಳೂ ಅಷ್ಟರ ಮಟ್ಟಿಗೆ ಚೆನ್ನಾಗಿ ಬಂದವು.

ಕೊಳವೆಯ ಬಾಯಿಗೆ ಅಪ್ಪನ ಬಿಳಿ ಧೋತರವನ್ನು ಎರಡು ಮಡಿಕೆ ಮಾಡಿ ಬಿಗಿದು, ನಸುಕಿನ ಆಕಾಶದತ್ತ ತಿರುಗಿಸಿ ಸಮಬೆಳಕಿನ ಮೂವತ್ತು ಚಿತ್ರಗಳನ್ನು ತೆಗೆದುಕೊಂಡೆ. ಸಂವೇದಕದ ಮೇಲಿನ ಧೂಳಿನ ಕಲೆಗಳನ್ನೂ ಅಂಚಿನ ಮಬ್ಬನ್ನೂ ಕಳೆಯಲು ಅವು ಬೇಕು. ಎಲ್ಲವನ್ನೂ ಉಚಿತವಾಗಿ ಸಿಗುವ ಸಿರಿಲ್ ತಂತ್ರಾಂಶದಲ್ಲಿ ಒಂದರ ಮೇಲೊಂದು ಪೇರಿಸಿದಾಗ ಬಂದ ಚಿತ್ರವನ್ನು ನೋಡಿಯೇ ಈ ವಿಮರ್ಶೆ ಬರೆಯುವ ಮನಸ್ಸಾದದ್ದು. ಎಂ 65 ಈ ಗಲಾಟೆಗೂ ತನಗೂ ಹೆಚ್ಚು ಸಂಬಂಧವಿಲ್ಲವೆಂಬಂತೆ ನಯವಾದ ಸುರುಳಿಯಾಗಿ, ಪೂರ್ವದ ಅಂಚಿಗೆ ಒಂದು ಕಪ್ಪು ಧೂಳಿನ ಗೆರೆ ಹೊತ್ತು ನಿಂತಿದೆ. ಅದರಿಂದ ಸಾವಿರ ಪಿಕ್ಸೆಲಿನಾಚೆ ಇರುವ ಎಂ 66ರ ಎರಡು ಕೈಗಳು ಒಂದಕ್ಕೊಂದು ಹೊಂದುವುದಿಲ್ಲ. ಒಂದು ಕೈ ಒಡಲಿನಿಂದ ಎದ್ದು ದೂರಕ್ಕೆ ಎಳೆದುಕೊಂಡಿದೆ. ಹಾಲ್ಟನ್ ಆರ್ಪ್ 1966ರಲ್ಲಿ ಪ್ರಕಟಿಸಿದ 338 ವಿಚಿತ್ರ ಗೆಲಾಕ್ಸಿಗಳ ಸಂಪುಟದಲ್ಲಿ ಇದನ್ನು ಸೇರಿಸಿದ್ದೇಕೆ ಎಂಬುದು ನನ್ನ ಚಿತ್ರದಲ್ಲಿಯೂ ಅರ್ಥವಾಗುತ್ತದೆ. ಆ ಕೈಗಳ ಉದ್ದಕ್ಕೂ ಇರಬೇಕಾದ, ತಾರೆಗಳು ಹುಟ್ಟುವ ನಸುಗೆಂಪು ಚುಕ್ಕೆಗಳು ಮಾತ್ರ ಕಷ್ಟಪಟ್ಟು ಕಾಣುತ್ತವೆ. ಅದು ದೂರದರ್ಶಕದ ತಪ್ಪಲ್ಲ. ಮಾರ್ಪಡಿಸದ ಡಿಎಸ್‌ಎಲ್‌ಆರ್ ತನ್ನ ಸೋಸುಗಾಜಿನಿಂದ ಹೈಡ್ರೋಜನ್ನಿನ ಕೆಂಪು ಬೆಳಕನ್ನು ಬಹುಪಾಲು ತಡೆಯುತ್ತದೆ.

ಎನ್‌ಜಿಸಿ 3628 ನಮಗೆ ಅಂಚಿನಿಂದ ಕಾಣುವ ಗೆಲಾಕ್ಸಿ. ಹೋಳಿಗೆಯನ್ನು ಕಣ್ಣಿನ ಮಟ್ಟಕ್ಕೆ ಹಿಡಿದು ಅಂಚಿನಿಂದ ನೋಡಿದರೆ ಎರಡು ಪದರಗಳ ನಡುವೆ ಹೂರಣದ ಗೆರೆ ಕಾಣುವಂತೆ ಅದರ ನಡುವೆ ದಪ್ಪ ಧೂಳಿನ ಪಟ್ಟಿಯಿದೆ. ಆ ಪಟ್ಟಿ ತುದಿಗಳಲ್ಲಿ ಅಗಲವಾಗಿ, ತುಸು ಬಾಗಿ ಹೋಗಿರುವುದೂ ಸ್ಪಷ್ಟವಾಗಿ ಬಂದಿದೆ. ಬಾಲವನ್ನು ಹುಡುಕಲು ಚಿತ್ರವನ್ನು ಕಾಲು ಅಳತೆಗೆ ಕುಗ್ಗಿಸಿ, ಕಪ್ಪು ಬಿಳುಪನ್ನು ಅದಲುಬದಲು ಮಾಡಿ ನೋಡಿದೆ. ಗೆಲಾಕ್ಸಿಯ ಪೂರ್ವದ ತುದಿಯಿಂದ ಹೊರಟು ಚಿತ್ರದ ಅಂಚಿನ ಕಡೆಗೆ ಸಾಗುವ ಒಂದು ಮಸುಕಾದ ಎಳೆ ಇತ್ತು. ಕಣ್ಣಿನ ಭ್ರಮೆಯಿರಬಹುದೆಂದು ಮೊದಲೆರಡು ರಾತ್ರಿಯ ಚಿತ್ರಗಳನ್ನು ಒಂದು ಕಟ್ಟಾಗಿಯೂ ಕೊನೆಯ ಎರಡು ರಾತ್ರಿಯವನ್ನು ಇನ್ನೊಂದು ಕಟ್ಟಾಗಿಯೂ ಬೇರೆ ಬೇರೆಯೇ ಪೇರಿಸಿ ನೋಡಿದೆ. ಎರಡರಲ್ಲೂ ಅದೇ ಜಾಗದಲ್ಲಿ, ಅದೇ ದಿಕ್ಕಿನಲ್ಲಿ ಎಳೆ ಉಳಿಯಿತು. ದೊಡ್ಡ ದೂರದರ್ಶಕಗಳ ಪ್ರಕಟಿತ ಚಿತ್ರಗಳಲ್ಲಿ ಬಾಲ ಇರುವುದೂ ಅಲ್ಲಿಯೇ. ಆ ಹೊತ್ತು ನನಗಾದ ಸಂತೋಷವನ್ನು ಮುಚ್ಚಿಡಲಾರೆ, ಅಡುಗೆ ಮನೆಯಲ್ಲಿದ್ದ ಅವ್ವನನ್ನು ಕರೆದು ತಂದು ತೋರಿಸಿದೆ. ಆದರೂ ಕೊಳ್ಳುವವರಿಗೆ ಇದ್ದದ್ದನ್ನು ಇದ್ದಂತೆ ಹೇಳಬೇಕು: ಗೋಡೆಗೆ ಹಾಕುವ ಬಣ್ಣದ ಚಿತ್ರದಲ್ಲಿ ಆ ಬಾಲ ಕಾಣುವುದಿಲ್ಲ. ಊರ ಹೊರಗಿನ ಹೊಲದ ಕತ್ತಲಲ್ಲಿ ಇದೇ ಎಂಟೂವರೆ ಗಂಟೆ ಸಿಕ್ಕಿದ್ದರೆ ಕಾಣುತ್ತಿತ್ತೆಂದು ನಂಬಿದ್ದೇನೆ.

ಮಖಾ ನಕ್ಷತ್ರದ ಮೇಲಿನ ಕುಡುಗೋಲಿನಾಕಾರದಲ್ಲಿ, ಗ್ಯಾಮಾ ಮತ್ತು ಝೀಟಾ ತಾರೆಗಳ ನಡುವೆ ಇರುವ ಹಿಕ್ಸನ್ 44 ಎಂಬ ನಾಲ್ಕರ ಗುಂಪನ್ನೂ ಒಂದು ರಾತ್ರಿ ಪ್ರಯತ್ನಿಸಿದೆ. ಪಾಲ್ ಹಿಕ್ಸನ್ 1982ರಲ್ಲಿ ಪಟ್ಟಿಮಾಡಿದ ನೂರು ಒತ್ತಾದ ಗುಂಪುಗಳಲ್ಲಿ ಇದೊಂದು. ನಾಲ್ಕೂ ಸಿಕ್ಕವು. ಎನ್‌ಜಿಸಿ 3190ರ ಧೂಳಿನ ಗೆರೆಯೂ ಅದರ ನೆರೆಯ 3187ರ ತಿರುಚಿದ ಕೈಗಳೂ ಗುರುತಿಗೆ ಬಂದವು, ಆದರೆ ಪ್ರತಿಯೊಂದೂ ಇನ್ನೂರು ಪಿಕ್ಸೆಲಿನ ಆಸುಪಾಸಿನ ಸಣ್ಣ ಆಕೃತಿ. ಇಂತಹ ದೂರದ, ಒತ್ತಾದ ಗುಂಪುಗಳೇ ಮುಖ್ಯ ಆಸೆಯಾಗಿದ್ದರೆ ಇನ್ನೂ ಉದ್ದದ ನಾಭಿದೂರ ಬೇಕು. ಸಿಂಹ ರಾಶಿಯ ಮೂವರಿಗೆ ಮಾತ್ರ 750 ಮಿಲಿಮೀಟರ್ ಹೇಳಿ ಮಾಡಿಸಿದಂತಿದೆ. ಮೂರೂ ಒಂದೇ ಚೌಕಟ್ಟಿನಲ್ಲಿ ಕೂತು, ಬಾಲಕ್ಕೂ ಜಾಗ ಉಳಿಯುತ್ತದೆ.

ಮೌಂಟಿಗೆ ನಾನು ಐದರಲ್ಲಿ ಮೂರು ಕೊಡುತ್ತೇನೆ, ಅದೂ ಕೊಳವೆಯ ತುಂಡು ಮತ್ತು ಗಟ್ಟಿ ಬೋಲ್ಟು ಹಾಕಿಸಿದ ಮೇಲೆ. ಯಾದಗಿರಿ 16.8 ಡಿಗ್ರಿಯಲ್ಲಿದೆ, ಬೀದರ್ ಸುಮಾರು 18ರಲ್ಲಿ. ನಮ್ಮ ಮೂರೂ ಜಿಲ್ಲೆಗಳವರಿಗೆ ಸಮಸ್ಯೆ ಒಂದೇ. ಹಣ ಕೊಡುವ ಮುನ್ನ ಕನ್ನಡಿಯ ಅಳತೆಯನ್ನಲ್ಲ, ಈ ಎರಡು ವಿಷಯಗಳನ್ನು ಕೇಳಿ: ಮೌಂಟಿನ ಅಕ್ಷ 16 ಡಿಗ್ರಿಯವರೆಗೆ ಇಳಿಯುತ್ತದೆಯೇ, ಇಳಿದ ಮೇಲೆ ಪೂರ್ತಿ ಭಾರ ಹಾಕಿ ಒಂದು ಸುತ್ತು ತಿರುಗಿಸಿ ತೋರಿಸುತ್ತೀರಾ. ತೋರಿಸಲು ಒಪ್ಪದಿದ್ದರೆ ವೆಲ್ಡಿಂಗ್ ಅಂಗಡಿಯ ಖರ್ಚನ್ನೂ ಲೆಕ್ಕಕ್ಕೆ ಸೇರಿಸಿಕೊಂಡೇ ಬೆಲೆ ಮಾತಾಡಿ.